ಕಿವಿಗೋಲು ಹಿಡಿದು ಸುಝುಕಾಗೆ

ದೇಶಪಾಂಡೆ ನಗರ

ನಮ್ಮ ಯಜಮಾನರು ಗುರುನಾಥರು ದೇವರಿಗೆ ಕೈ ಮುಗಿಯುವುದನ್ನು ಮರೆತಾರು, ಎಂಜಿನ್ನಿಗೆ ಕಿವಿ ಕೊಡುವುದನ್ನು ಮರೆಯುವವರಲ್ಲ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ನಮ್ಮ ಮನೆಯ ಮುಂದೆಯೇ ಅವರ ಗ್ಯಾರೇಜು. ಅಲ್ಲಿ ಅವರ ಕೈಯಲ್ಲಿ ಸದಾ ಒಂದು ಸಾಗವಾನಿ ಕೋಲು ಇರುತ್ತದೆ. ಮೊಳದುದ್ದದ್ದು, ಎರಡೂ ತುದಿ ಸವೆದು ನುಣುಪಾದದ್ದು. ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿನ ಮೇಲಿಟ್ಟು, ಇನ್ನೊಂದನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದರೆಂದರೆ ಗಿರಾಕಿಗಳು ಕೆಮ್ಮಲೂ ಹೆದರುತ್ತಾರೆ. ಅದಕ್ಕೆ ಕಿವಿಗೋಲು ಎಂದು ಹೆಸರಿಟ್ಟವಳು ನಾನು. ನಾನು ಧಾರವಾಡದ ಹಾಡುವ ಮನೆತನದವಳು, ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಹುಡುಗನ ಕಿವಿ ಭಾಳ ಚುರುಕು ಎಂದು ನಮ್ಮಪ್ಪ ಇವರನ್ನು ಮೆಚ್ಚಿ ಹೆಣ್ಣು ಕೊಟ್ಟರು. ಆ ಕಿವಿ ಪಿಸ್ಟನ್ನಿಗೆ ಮಾತ್ರ ಮೀಸಲು ಎಂಬುದು ನನಗೆ ಮದುವೆಯಾದ ಮೇಲೆ ತಿಳಿಯಿತು.

ನಮ್ಮ ಮಗಳು ಮೇಧಾ ವಿದ್ಯಾನಗರದ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಬೇರೆಲ್ಲೂ ಹೋಗದೆ ಅಪ್ಪನ ಗ್ಯಾರೇಜಿಗೇ ಬಂದು ಕೈಗೆ ಗ್ರೀಸು ಹಚ್ಚಿಕೊಂಡಳು. ಅಪ್ಪ-ಮಗಳು ಹಾಲು-ಸಕ್ಕರೆಯಂತೆ ಇದ್ದರು. ಜಗಳ ಬಂದದ್ದು ಹೈಬ್ರಿಡ್ ಕಾರಿನಿಂದ. ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬ್ಯಾಟರಿ, ಮೋಟಾರು ಇರುವ ಈ ಕಾರುಗಳು ನಮ್ಮ ಓಣಿಯಲ್ಲೂ ಹೆಚ್ಚಾಗುತ್ತಿವೆ. ಅವಕ್ಕೆಂದೇ ಗ್ಯಾರೇಜಿನ ಒಂದು ಬದಿ ಬಿಡೋಣ ಎಂದು ಮೇಧಾ ಕೇಳುತ್ತಿದ್ದಳು. ಇವರು ಒಪ್ಪಲಿಲ್ಲ. ಬಾಗಿಲಿಗೆ ಬಂದ ಅಂಥ ಕಾರುಗಳನ್ನು ಅಮ್ಮಿನಬಾವಿಯ ಟ್ರ್ಯಾಕ್ಟರು ಬರುವುದಿದೆ, ಜಾಗ ಇಲ್ಲ ಎಂದು ಸುಳ್ಳು ಹೇಳಿ ಸಾಗಹಾಕುತ್ತಿದ್ದರು. ಸದ್ದೇ ಇಲ್ಲದ್ದರ ರೋಗ ಹೇಗೆ ಹಿಡಿಯುವುದು ಎಂಬುದು ಅವರ ವಾದ. ಕಡೆಗೆ ಮೇಧಾಳಿಗೆ ಪುಣೆಯಲ್ಲಿ ಬ್ಯಾಟರಿ ಗಾಡಿಗಳ ಕೆಲಸವೊಂದು ಸಿಕ್ಕಿತು. ಅವಳಿಗೆ ಹೋಗುವ ಮನಸ್ಸಿರಲಿಲ್ಲ. ಇಲ್ಲಿ ಉಳಿಯುವ ದಾರಿಯೂ ಕಾಣಲಿಲ್ಲ.

ಇವರಿಗೆ ಎಂಜಿನ್ ಬಿಟ್ಟರೆ ಇನ್ನೊಂದು ಹುಚ್ಚು ಕಾರುಗಳ ರೇಸು. ಟಿವಿಯ ಮುಂದೆ ಕೂತರೆ ಮನೆಗೆ ಬೀಗರು ಬಂದರೂ ಏಳುವವರಲ್ಲ. ಆದರೆ ಈ ವರ್ಷ ರೇಸಿನ ನಿಯಮ ಬದಲಾಯಿತು. ಬ್ಯಾಟರಿ ಮೊದಲೂ ಇತ್ತು, ಈಗ ಕಾರಿನ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಅದರದ್ದೇ. ಇವರು ಟಿವಿ ಬಂದ್ ಮಾಡಿ, ಆಟ ಸತ್ತಿತು ಎಂದು ಸಾರಿಬಿಟ್ಟರು. ಅದಾದ ವಾರಕ್ಕೆ ಮೇಧಾ ನಮ್ಮಿಬ್ಬರ ಮುಂದೆ ಜಪಾನಿನ ಸುಝುಕಾ ಎಂಬ ಊರಿನ ರೇಸಿಗೆ ಟಿಕೆಟ್ಟು ಇಟ್ಟಳು. ಅಷ್ಟು ದೂರದ ಊರಿಗೆ ಹೋಗಿ ಒಮ್ಮೆಯಾದರೂ ರೇಸು ನೋಡಬೇಕು ಎಂದು ಇವರು ನಮ್ಮ ಮದುವೆಯಾದಾಗಿನಿಂದ ಹಲುಬುತ್ತಿದ್ದರು.

"ಟೀವಿ ನೋಡಿ ತೀರ್ಪು ಕೊಡಬ್ಯಾಡ್ರಿ ಅಪ್ಪಾ. ನಿಮ್ಮ ಕಿವೀಲೆ ಕೇಳಿ ಬರ್ರಿ," ಎಂದಳು ಮೇಧಾ. "ತಿರುಗಿ ಬರೂದ್ರಾಗ ಹೈಬ್ರಿಡ್ಡಿಗೆ ಹೂಂ ಅಥವಾ ಉಹೂಂ, ಒಂದು ಹೇಳ್ರಿ. ಉಹೂಂ ಅಂದ್ರ ನಾ ಪುಣೆಕ್ಕ ಹೊಂಟೆ."

ಇವರು ಕೋಲು ತೆಗೆದುಕೊಂಡು ಗ್ಯಾರೇಜಿಗೆ ನಡೆದರು. ನಾನು ಮಾತ್ರ ಆವತ್ತಿನಿಂದ ಸರಿಯಾಗಿ ಉಣ್ಣಲಿಲ್ಲ.

ವಿಮಾನ ನಿಲ್ದಾಣ

ಪ್ರವಾಸದ ಮೊದಲ ಫಜೀತಿ ನಮ್ಮ ದೇಶ ಬಿಡುವ ಮೊದಲೇ ಆಯಿತು. ನಾನು ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡಿದ್ದೆ. ಇವರು ಕೈಚೀಲದಲ್ಲಿ ಕಿವಿಗೋಲು ಇಟ್ಟುಕೊಂಡಿದ್ದರು. ನನ್ನ ರೊಟ್ಟಿಗೆ ಯಾರೂ ಏನೂ ಅನ್ನಲಿಲ್ಲ. ಕೋಲಿಗೆ ಮಾತ್ರ ತಪಾಸಣೆಯವರು ನಾಲ್ಕು ಮಂದಿ ಸೇರಿದರು. ಇದು ಆಯುಧವೋ ಪೂಜಾ ಸಾಮಾನೋ ಎಂದು ಕೇಳಿದರು. ಎಂಜಿನ್ನಿನ ಎದೆಬಡಿತ ಕೇಳುವ ಸಾಧನ ಎಂದು ಇವರು ಹಿಂದಿಯಲ್ಲಿ ವಿವರಿಸಿ, ನಂಬಿಕೆ ಬರಲೆಂದು ಸಾಮಾನು ಸಾಗಿಸುವ ಬೆಲ್ಟಿನ ಪಕ್ಕಕ್ಕೇ ಕೋಲು ಆನಿಸಿ ಕಣ್ಣು ಮುಚ್ಚಿಬಿಟ್ಟರು. ನಮ್ಮ ಹಿಂದಿನ ಸಾಲು ಆಚೆ ಬಾಗಿಲಿಗೆ ಮುಟ್ಟಿತ್ತು. ನಾನು ಇವರ ಹೆಂಡತಿಯೇ ಅಲ್ಲ ಎಂಬಂತೆ ಗೋಡೆಯ ಜಾಹೀರಾತು ಓದುತ್ತಾ ನಿಂತೆ.

ಕಡೆಗೆ ಹಿರಿಯ ಅಧಿಕಾರಿಯೊಬ್ಬರು ನಗುತ್ತಾ ಬಂದು, ಕೋಲನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿ ಎಂದರು. ದಾರಿಯುದ್ದಕ್ಕೂ ಇವರಿಗೆ ಆ ಪೆಟ್ಟಿಗೆಯದ್ದೇ ಚಿಂತೆ. ಮೋಡದ ಮೇಲೆ ಹಾರುವಾಗ ಕಿಟಕಿಯಾಚೆ ನೋಡಿ ಎಂದರೆ, ಕೋಲಿನ ಮೇಲೆ ಯಾರಾದರೂ ಭಾರ ಹೇರಿದ್ದಾರೋ ಏನೋ ಎಂದರು.

ಶಿರೊಕೊ

ಸುಝುಕಾಗೆ ಹೋಗುವವರು ಶಿರೊಕೊ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಬೇಕು. ರೈಲು ಕಿಕ್ಕಿರಿದು ತುಂಬಿತ್ತು, ಆದರೂ ಒಳಗೆ ನಮ್ಮ ದೇವರಮನೆಯಷ್ಟು ಶಾಂತ. ಇಷ್ಟು ಜನ ಇಷ್ಟು ಸುಮ್ಮನೆ ಕೂತದ್ದನ್ನು ನಾನು ನಮ್ಮಲ್ಲಿ ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಕಂಡಿದ್ದೇನೆ. ಅಷ್ಟರಲ್ಲಿ ಮೇಧಾಳ ಫೋನು ಬಂತು. ಇವರು ಹುಬ್ಬಳ್ಳಿಯ ದನಿಯಲ್ಲೇ, ಅಂದರೆ ಫೋನಿಲ್ಲದೆಯೂ ಹುಬ್ಬಳ್ಳಿಗೆ ಕೇಳಿಸುವ ದನಿಯಲ್ಲಿ, ಮುಟ್ಟಿದೆವೆಂದು ಹೇಳಿದರು. ಯಾರೂ ತಿರುಗಿ ನೋಡಲಿಲ್ಲ, ಯಾರೂ ಹುಬ್ಬು ಗಂಟಿಕ್ಕಲಿಲ್ಲ. ಎದುರಿನ ಒಬ್ಬ ಮನುಷ್ಯ ಮಾತ್ರ ತನ್ನ ಬೂಟುಗಳನ್ನೇ ಬಹಳ ಹೊತ್ತು ನೋಡಿದ. ಬೈಸಿಕೊಂಡಿದ್ದರೂ ಇವರಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಆಮೇಲೆ ಜಪಾನಿನಲ್ಲಿ ಇದ್ದಷ್ಟು ದಿನ ಇವರು ಫೋನಿನಲ್ಲಿ ಪಿಸುಗುಟ್ಟಿಯೇ ಮಾತಾಡಿದರು. ಮದುವೆಯಾದಾಗಿನಿಂದ ನಾನು ಹೇಳಿ ಹೇಳಿ ಸೋತ ಪಾಠ ಅದು.

ನಿಲ್ದಾಣದಿಂದ ಮೈದಾನದವರೆಗೆ ಜನ ನಡೆದೇ ಹೋಗುತ್ತಿದ್ದರು. ತಲೆಯ ಮೇಲೆ ರಟ್ಟಿನಿಂದ ಮಾಡಿದ ಕಾರು ಕಟ್ಟಿಕೊಂಡವರು, ಮಗುವಿಗೆ ಚಾಲಕನ ಅಂಗಿ ಹೊಲಿಸಿದವರು, ಕೋಡುಬಳೆಯಂತೆ ಸುತ್ತಿದ ಉಣ್ಣೆಯ ಚಕ್ರವನ್ನು ಕೊರಳಿಗೆ ಹಾಕಿಕೊಂಡ ಮುದುಕರು. ಎಲ್ಲವೂ ಮನೆಯಲ್ಲೇ ಮಾಡಿದ್ದು. ನಮ್ಮಲ್ಲಿ ಗಣಪತಿಯ ಮಂಟಪಕ್ಕೆ ಎಷ್ಟು ಶ್ರದ್ಧೆಯಿಂದ ಕತ್ತರಿ, ಗೋಂದು ಹಿಡಿದು ಕೂರುತ್ತೇವೋ ಅಷ್ಟೇ ಶ್ರದ್ಧೆ. ದಾರಿಬದಿಯ ಚೆರ್ರಿ ಮರಗಳು ಹೂ ಬಿಟ್ಟಿದ್ದವು. ಇವರು ಒಂದು ಹೂವನ್ನೂ ನೋಡಲಿಲ್ಲ. ಸೀಟು ಸರಿಯಿಲ್ಲವೆಂದು ಗೊಣಗುತ್ತಾ ನಡೆದರು. ಎಲ್ಲರೂ ರೇಸು ಶುರುವಾಗುವ ಕಡೆ ಕೂರುತ್ತಾರೆ, ಮೇಧಾ ನಮಗೆ ಮೈದಾನದ ಹಿಂಬದಿಯ ಉದ್ದನೆಯ ದಾರಿ ಮುಗಿಯುವ ಕೊನೆಯ ತಿರುವಿನಲ್ಲಿ ಜಾಗ ಹಿಡಿದಿದ್ದಾಳೆ ಎಂಬುದು ದೂರು.

ಶನಿವಾರ, ಕೊನೆಯ ತಿರುವು

ನಮ್ಮ ಪಕ್ಕದ ಸೀಟಿನಲ್ಲಿ ಬೆಳ್ಳಿಕೂದಲಿನ ಒಬ್ಬ ಹೆಂಗಸು ಕೂತಿದ್ದರು. ಹೆಸರು ಒಗಾವಾ. ನಾನು ಧಾರವಾಡದ ರೂಢಿಯಂತೆ ಒಗಾವಾಬಾಯಿ ಎಂದು ಕರೆದೆ. ಅವರಿಗೆ ಅದು ಇಷ್ಟವಾಗಿ ಎರಡು ಸಲ ಹೇಳಿಸಿಕೊಂಡರು. ಅವರು ಜಪಾನಿಯಲ್ಲಿ ಹೇಳಿದ್ದನ್ನು ಅವರ ಫೋನು ಇಂಗ್ಲಿಷಿನಲ್ಲಿ ಹೇಳುತ್ತಿತ್ತು, ನಮ್ಮ ಇಂಗ್ಲಿಷನ್ನು ಜಪಾನಿ ಮಾಡುತ್ತಿತ್ತು. ನಮ್ಮ ರೂಢಿ ಬಿಡಲಾಗದೆ ನಾನು ಬುತ್ತಿ ಬಿಚ್ಚಿ ಅವರಿಗೊಂದು ಕಡಕ್ ರೊಟ್ಟಿ ಕೊಟ್ಟೆ. ಅವರು ಎರಡೂ ಕೈಯಲ್ಲಿ ಇಸಿದುಕೊಂಡು, ತಲೆಬಾಗಿ, ತಮ್ಮ ಅನ್ನದ ಉಂಡೆಗಳನ್ನು ಅದರ ಮೇಲೆ ಜೋಡಿಸಿಕೊಂಡು ತಿಂದರು. ತಿಂದ ಮೇಲೆ ರೊಟ್ಟಿಯನ್ನು ಒರೆಸಿ ಹಿಂದಿರುಗಿಸಿದರು. ಅದನ್ನು ತಾಟು ಎಂದುಕೊಂಡಿದ್ದರಂತೆ. ಇವರು ಅದನ್ನು ಮುರಿದು ಚಟ್ನಿ ಹಚ್ಚಿ ತಿಂದು ತೋರಿಸಿದಾಗ ಆ ತಾಯಿ ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಮಧ್ಯಾಹ್ನ ಕಾರುಗಳು ಬಂದವು. ಅಂದು ಒಂದೊಂದೇ ಕಾರು ತನ್ನ ಅತಿ ವೇಗದ ಸುತ್ತನ್ನು ಓಡಬೇಕು, ಮರುದಿನ ಯಾರು ಮುಂದೆ ನಿಲ್ಲುವರು ಎಂಬುದು ಅದರಿಂದ ತೀರ್ಮಾನ. ಇವರು ಕಿವಿಗೋಲನ್ನು ನಮ್ಮ ಮುಂದಿನ ಕಬ್ಬಿಣದ ಕಂಬಿಗೆ ಆನಿಸಿ ಕಣ್ಣು ಮುಚ್ಚಿದರು. ಮೊದಲ ಕಾರಿನ ಸದ್ದು ದೂರದಿಂದ ಏರುತ್ತಾ ಬಂತು. ತಿರುವು ಇನ್ನೂ ದೂರವಿರುವಾಗಲೇ ಆ ಸ್ವರ ಮೆಲ್ಲಗೆ ಇಳಿಯಿತು. ಇವರು ಕಣ್ಣು ತೆರೆದು, ಇದರ ಎಂಜಿನ್ನು ಸೋತಿತು, ಮುಂದಿನ ಸುತ್ತಿಗೆ ಬರುವುದಿಲ್ಲ ಎಂದರು. ಎರಡನೆಯ ಕಾರಿಗೂ ಅದೇ ಆಯಿತು, ಮೂರನೆಯದಕ್ಕೂ ಅದೇ. ಇವರು ಒಂದೊಂದಕ್ಕೂ ಸಾವಿನ ಸುದ್ದಿ ಹೇಳುತ್ತಾ ಹೋದರು. ಸತ್ತ ಕಾರುಗಳೆಲ್ಲ ಒಂದಾದ ಮೇಲೊಂದು ಮತ್ತೆ ನಮ್ಮ ಮುಂದೆ ಹಾದು ಹೋದವು.

ಒಗಾವಾಬಾಯಿ ನಿಧಾನವಾಗಿ ತಿಳಿಸಿಕೊಟ್ಟರು. ಯಾವ ಎಂಜಿನ್ನಿಗೂ ರೋಗವಿಲ್ಲ. ಉದ್ದನೆಯ ದಾರಿಯಲ್ಲಿ ಬ್ಯಾಟರಿ ಬರಿದಾಗುತ್ತದೆ. ಆಗ ಚಾಲಕ ಪೆಡಲನ್ನು ಪೂರ್ತಿ ಒತ್ತಿದ್ದರೂ ಎಂಜಿನ್ನಿನ ಬಲದಲ್ಲಿ ಒಂದು ಪಾಲು ಬ್ಯಾಟರಿ ತುಂಬಲು ಹೋಗುತ್ತದೆ, ಅದಕ್ಕೇ ವೇಗ ಇಳಿಯುವುದು. ಬ್ರೇಕು ಹಾಕಿದಾಗಲೂ ತುಂಬುತ್ತದೆ. ಎಲ್ಲಿ ತುಂಬಿಕೊಳ್ಳಬೇಕು, ಎಲ್ಲಿ ಸುರಿಯಬೇಕು ಎಂಬುದೇ ಹೊಸ ಆಟ. ಹಲವು ಚಾಲಕರೂ ಇದಕ್ಕೆ ಗೊಣಗುತ್ತಿದ್ದಾರೆ ಎಂದು ಅವರು ಮರೆಮಾಚದೆ ಹೇಳಿದರು.

"ಇದು ರೇಸ್ ಅಲ್ಲ, ಬಡವರ ಮನಿ ಎಣ್ಣಿ ಬಾಟ್ಲಿ," ಎಂದರು ಇವರು. "ಕಾಲು ಪೂರಾ ಒತ್ತಿದ ಮ್ಯಾಲೂ ಗಾಡಿ ಮೆತ್ತಗಾಗ್ತೈತಿ ಅಂದ್ರ ಅದೆಂಥಾ ಗಂಡಸ್ತನ?"

ನಾನು ಫೋನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ. ಆದರೆ ಇವರ ಮುಖ ನೋಡಿಯೇ ಒಗಾವಾಬಾಯಿಗೆ ಅರ್ಥವಾಗಿತ್ತು. ಅವರ ಗಂಡನೂ ಹೀಗೆಯೇ ಅಂದರಂತೆ. ಮೊದಲು ಇಬ್ಬರೂ ಪ್ರತಿವರ್ಷ ಇದೇ ತಿರುವಿನಲ್ಲಿ ಕೂರುತ್ತಿದ್ದರು. ಕಿವಿ ಹರಿಯುವ ಹಳೆಯ ಎಂಜಿನ್ನುಗಳು ಹೋದ ಮೇಲೆ ಗಂಡ ಬರುವುದನ್ನೇ ಬಿಟ್ಟರು. ಈಗಲೂ ಮನೆಯಲ್ಲಿ ಕೂತು ಆ ಹಳೆಯ ಸದ್ದಿನ ಧ್ವನಿಮುದ್ರಣ ಹಾಕಿಕೊಂಡು ಕೇಳುತ್ತಾರೆ. ಒಗಾವಾಬಾಯಿ ಒಬ್ಬರೇ ಬಂದು ರೇಸು ನೋಡಿ, ಮನೆಗೆ ಹೋಗಿ ಏನಾಯಿತೆಂದು ಹೇಳುತ್ತಾರೆ. ಆ ಯಜಮಾನರು ಅರ್ಧ ಕೇಳಿ ಎದ್ದು ಹೋಗುತ್ತಾರೆ.

ಇಷ್ಟನ್ನು ದುಃಖವಿಲ್ಲದೆ, ಹವಾಮಾನದ ಸುದ್ದಿ ಹೇಳುವಂತೆ ಹೇಳಿ, ಒಗಾವಾಬಾಯಿ ರೊಟ್ಟಿಯ ಇನ್ನೊಂದು ತುಂಡು ಮುರಿದುಕೊಂಡರು. ಇವರು ಕೋಲನ್ನು ಮಡಿಲಲ್ಲಿಟ್ಟುಕೊಂಡರು. ಹೋಟೆಲಿಗೆ ಹೋಗುವ ದಾರಿಯಲ್ಲಿ ನನಗೆ ಮೇಧಾಳ ಪ್ರಯಾಣದ ಪೆಟ್ಟಿಗೆ ಕಣ್ಣಿಗೆ ಕಟ್ಟಿತು. ಅವಳು ಅದನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟದ್ದನ್ನು ನಾನು ಬರುವ ಮುನ್ನವೇ ನೋಡಿದ್ದೆ. ಇವರೂ ನೋಡಿದ್ದರು.

ರವಿವಾರ

ರೇಸಿನ ದಿನ ಬಿಸಿಲು ಹಿತವಾಗಿತ್ತು. ಕಾರುಗಳು ಬರುವ ಮೊದಲು ದಾರಿ ಗುಡಿಸುವ ಸಿಬ್ಬಂದಿ ಹಾದು ಹೋದರು. ಇಡೀ ಜನಸ್ತೋಮ ಅವರಿಗೆ ಚಪ್ಪಾಳೆ ತಟ್ಟಿತು. ಕಸಬರಿಗೆಗೆ ಚಪ್ಪಾಳೆ ಬಿದ್ದದ್ದನ್ನು ನಾನು ಜನ್ಮದಲ್ಲಿ ಮೊದಲ ಬಾರಿ ಕಂಡೆ, ಕಂಡು ನಾನೂ ಜೋರಾಗಿ ತಟ್ಟಿದೆ.

ರೇಸು ಶುರುವಾಗಿ ಕೆಲವು ಸುತ್ತುಗಳಾದ ಮೇಲೆ ಒಂದು ಬಿಳಿ ಕಾರು, ಒಂದು ನೀಲಿ ಕಾರು ಜಗಳಕ್ಕೆ ಬಿದ್ದವು. ನಮ್ಮ ಮುಂದಿನ ತಿರುವಿನಲ್ಲಿ ನೀಲಿ ಬಿಳಿಯನ್ನು ಹಿಂದೆ ಹಾಕಿತು. ಜನ ಎದ್ದು ಕೂಗಿದರು. ಆದರೆ ಅದಕ್ಕಾಗಿ ನೀಲಿ ತನ್ನ ಬ್ಯಾಟರಿಯನ್ನೆಲ್ಲ ಸುರಿದಿತ್ತು. ಮುಂದಿನ ನೇರ ದಾರಿಯಲ್ಲಿ ಬಿಳಿ ಆರಾಮಾಗಿ ಅದನ್ನು ದಾಟಿ ಹೋಯಿತು. ಹೀಗೆಯೇ ಒಂದೆರಡು ಸಲ ನಡೆಯಿತು.

"ಇವನು ಅವಗ ಕೊಡೂದು, ಅವನು ಇವಗ ಕೊಡೂದು. ಬೀಗರ ಮನಿ ಸೀರಿ ಆತಲ್ಲ," ಎಂದು ಇವರು ಮುಖ ತಿರುಗಿಸಿದರು.

ನನಗೆ ಮಾತ್ರ ಅಷ್ಟು ಹೊತ್ತಿಗೆ ಈ ಆಟದ ರುಚಿ ಹತ್ತಿತ್ತು. ರೇಸು ಎಂದರೆ ಗಿರಗಿಟ್ಟಳೆ ಎಂದುಕೊಂಡವಳು ನಾನು. ಹಳೆಯ ನಿಯಮದ ರೇಸನ್ನು ಟಿವಿಯಲ್ಲಿ ಇವರ ಪಕ್ಕ ಕೂತು ನೋಡಿ ಎಷ್ಟೋ ಸಲ ತೂಕಡಿಸಿದ್ದೇನೆ, ಅಲ್ಲಿ ಬಲ ಇದ್ದವನು ಮುಂದೆ, ಇಲ್ಲದವನು ಹಿಂದೆ. ಇಲ್ಲಿ ನನ್ನ ಕಸುಬೇ ಕಾಣಿಸಿತು. ನಮ್ಮ ಗುರುಗಳು ಮೊದಲ ವರ್ಷ ರಾಗಕ್ಕಿಂತ ಹೆಚ್ಚಾಗಿ ಉಸಿರನ್ನೇ ಕಲಿಸಿದರು. ತಾನ್ ಎಂಬ ಸ್ವರಗಳ ಓಟವನ್ನು ಶುರುಮಾಡುವ ಮೊದಲೇ ಅದು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿರಬೇಕು, ಅಷ್ಟಕ್ಕೆ ಬೇಕಾದ ಉಸಿರನ್ನು ಕೇಳುವವರಿಗೆ ತಿಳಿಯದಂತೆ ಮೊದಲೇ ಕದ್ದಿಟ್ಟುಕೊಳ್ಳಬೇಕು. ಸ್ವರ ಎಲ್ಲರಿಗೂ ಇರುತ್ತದೆ. ಉಸಿರನ್ನು ಎಲ್ಲಿ ಖರ್ಚು ಮಾಡಬೇಕೆಂದು ಬಲ್ಲವನು ಮಾತ್ರ ಸಭೆಯನ್ನು ಗೆಲ್ಲುತ್ತಾನೆ. ಆ ಚಾಲಕರು ಮಿಂಚಿನ ವೇಗದಲ್ಲಿ, ಪ್ರಾಣ ಒತ್ತೆಯಿಟ್ಟು, ಅದೇ ಲೆಕ್ಕ ಹಾಕುತ್ತಿದ್ದಾರೆ ಎಂದು ಹೊಳೆದಾಗ ನನಗೆ ಮೈ ಜುಮ್ಮೆಂದಿತು. ಇವರ ತೋಳು ಹಿಡಿದು ಹೇಳಿದೆ.

"ನಿನ್ನೆ ನೀವು ರೋಗ ಅಂದ್ರಲ್ಲ, ಅದು ರೋಗ ಅಲ್ರಿ. ಅವರು ಉಸಿರು ತಗೊಳ್ಳೋದು ಅದು. ಸದ್ದು ಇಳಿಯೋದು ಕೇಳ್ರಿ, ಯಾರು ಎಷ್ಟು ಉಳಿಸ್ಕೊಂಡಾರ ಅಂತ ನಿಮಗ ತಿಳೀತದ. ನನಗ ತಿಳಿಯೂದಿಲ್ಲ. ನಿಮ್ಮ ಕಿವಿಗೆ ತಿಳೀತದ."

ಹೊಗಳಿಕೆಗೆ ಕರಗದ ಗಂಡು ಇನ್ನೂ ಹುಟ್ಟಿಲ್ಲ. ಇವರು ಗೊಣಗುತ್ತಲೇ ಕೋಲು ಎತ್ತಿ ಕಂಬಿಗೆ ಆನಿಸಿದರು. ಒಂದು ಸುತ್ತು ಹೋಯಿತು, ಇನ್ನೊಂದು ಹೋಯಿತು. ಗ್ಯಾರೇಜಿನಲ್ಲಿ ಕಠಿಣವಾದ ರಿಪೇರಿ ಬಂದಾಗ ಇವರ ಕೆಳತುಟಿ ಒಳಗೆ ಹೋಗುತ್ತದೆ. ಈಗಲೂ ಹೋಯಿತು. ಬಿಳಿ ಕಾರಿನ ಸ್ವರ ಬೇಗ ಇಳಿಯುತ್ತದೆ, ನೀಲಿಯದು ತಡವಾಗಿ ಇಳಿಯುತ್ತದೆ ಎಂದರು. ಸ್ವಲ್ಪ ಹೊತ್ತಿಗೆ ನೀಲಿಯೂ ಬೇಗ ಇಳಿಯತೊಡಗಿತು ಎಂದರು. ನೀಲಿ ಹಿಂದೆ ಬಿದ್ದಿತು. ಸೋತನಲ್ಲ ಎಂದೆ ನಾನು. ಇವರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು.

"ಸೋತಿಲ್ಲ. ಬೇಕಂತನ ಹಿಂದ ನಿಂತಾನ. ತುಂಬಿಸ್ಕೊಳ್ಳಾಕತ್ತಾನ."

ಒಗಾವಾಬಾಯಿ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದು, ಏನೆನ್ನುತ್ತಾರೆ ಎಂದು ಕಣ್ಣಲ್ಲೇ ಕೇಳಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮುಂದಿನ ಸಾಲಿನವರಿಗೆ ಹೇಳಿದರು. ಮುಂದಿನ ಸಾಲಿನವರು ತಿರುಗಿ, ಕಬ್ಬಿಣದ ಕಂಬಿಗೆ ಕೋಲು ಹಚ್ಚಿ ಕೂತ ಈ ಮನುಷ್ಯನನ್ನು ಮರ್ಯಾದೆಯಿಂದ ನೋಡಿದರು. ಕಾರುಗಳು ಮತ್ತೊಮ್ಮೆ ನಮ್ಮ ತಿರುವಿಗೆ ಬಂದವು. ನೀಲಿ ಈಗ ಬಿಳಿಯ ಬೆನ್ನಿಗೇ ಇತ್ತು. ಮುಂದಿನವನಿಗೆ ಅಷ್ಟು ಹತ್ತಿರ ಬಂದವನಿಗೆ ಇನ್ನಷ್ಟು ವಿದ್ಯುತ್ ಬಳಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆಯಂತೆ. ಆದರೂ ಅವನು ಕೈ ಹಾಕಲಿಲ್ಲ.

"ಈ ಸುತ್ತು ಅಲ್ಲ," ಎಂದರು ಇವರು. "ಮುಂದಿಂದು. ಇಲ್ಲೇ, ನಮ್ಮ ಮುಂದ."

ಮುಂದಿನ ಸುತ್ತು ಬರುವವರೆಗೆ ನಮ್ಮ ಸಾಲಿನವರೆಲ್ಲ ದಾರಿಯ ಕಡೆಗೇ ಕುತ್ತಿಗೆ ಚಾಚಿದ್ದರು. ದೂರದಿಂದ ಎರಡು ಸ್ವರಗಳು ಏರುತ್ತಾ ಬಂದವು. ಬಿಳಿಯದು ಇಳಿಯಿತು. ನೀಲಿಯದು ಇಳಿಯಲಿಲ್ಲ. ಅದು ನನಗೂ ಕೇಳಿಸಿತು, ಯಾವ ಕೋಲೂ ಇಲ್ಲದೆ. ತಿರುವಿನ ಬಾಯಿಗೆ ಬರುವಷ್ಟರಲ್ಲಿ ನೀಲಿ ಪಕ್ಕಕ್ಕೆ ಹೊರಳಿ, ಬಿಳಿಗಿಂತ ತಡವಾಗಿ ಬ್ರೇಕು ಹಾಕಿ, ಒಳಗಿನಿಂದ ನುಸುಳಿ ಮುಂದೆ ಹೋಯಿತು. ಅದರ ಮೇಲೆ ಬಿಳಿಗೆ ಅದನ್ನು ಹಿಡಿಯಲು ಆಗಲಿಲ್ಲ. ಅದಕ್ಕೆ ಬೇಕಾದದ್ದನ್ನೂ ನೀಲಿ ಉಳಿಸಿಟ್ಟುಕೊಂಡಿತ್ತು.

ಮುಂದಿನ ಸಾಲಿನವರೆಲ್ಲ ಕಾರನ್ನು ಬಿಟ್ಟು ಇವರ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಒಗಾವಾಬಾಯಿ ಕೋಲನ್ನು ಕೇಳಿ ಇಸಿದುಕೊಂಡು ತಮ್ಮ ಕಿವಿಗೆ ಇಟ್ಟುಕೊಂಡರು. ಅವರಿಂದ ಪಕ್ಕದವರು, ಅವರಿಂದ ಆಚೆಯವರು. ನಮ್ಮ ಗ್ಯಾರೇಜಿನ ಎಣ್ಣೆ ಕುಡಿದ ಕೋಲು ಒಂದು ಇಡೀ ಸಾಲು ದಾಟಿ, ಎರಡು ಕೈಗಳಿಂದ ಎರಡು ಕೈಗಳಿಗೆ ಹೋಗಿ, ಹಾಗೆಯೇ ಜೋಪಾನವಾಗಿ ತಿರುಗಿ ಬಂತು. ಇವರ ಕಣ್ಣು ಒದ್ದೆಯಾಗಿತ್ತು. ಬಿಸಿಲು ಎಂದರು.

ಎಲ್ಲರೂ ಕೂತೇ ಇದ್ದಾಗ

ನಮ್ಮಲ್ಲಿ ಸಂಗೀತ ಕಚೇರಿ ಮುಗಿಯುವ ಮೊದಲೇ ಚಪ್ಪಲಿ ಹುಡುಕುವವರಿದ್ದಾರೆ. ಇಲ್ಲಿ ರೇಸು ಮುಗಿದು ಬಹಳ ಹೊತ್ತಾದರೂ ಜನ ಏಳಲಿಲ್ಲ. ತಮ್ಮ ಕಸವನ್ನು ತಾವೇ ಚೀಲಕ್ಕೆ ತುಂಬಿಕೊಂಡು, ಖಾಲಿ ದಾರಿಯನ್ನು ನೋಡುತ್ತಾ ಕೂತಿದ್ದರು. ಒಳ್ಳೆಯ ಹಾಡಿನ ನಂತರ ತಂಬೂರಿಯ ನಾದ ನಿಲ್ಲುವವರೆಗೆ ಏಳಬಾರದು ಎಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಇಲ್ಲಿನವರಿಗೆ ಯಾರೂ ಹೇಳಬೇಕಿಲ್ಲ.

ಒಗಾವಾಬಾಯಿ ಹೊರಟಾಗ ಇವರು ಎದ್ದು ನಿಂತು, ನನ್ನ ಕಡೆ ತಿರುಗಿ, ಇದನ್ನು ಅವರಿಗೆ ಹೇಳು ಎಂದರು. "ಮುಂದಿನ ವರ್ಸ ನಿಮ್ಮ ಯಜಮಾನರನ್ನ ಕರಕೊಂಡ ಬರ್ರಿ. ಸದ್ದು ಸತ್ತಿಲ್ಲ, ಮೊದಲು ಒದರತಿತ್ತು, ಈಗ ಮಾತಾಡಾಕತ್ತೈತಿ ಅಂತ ಹೇಳ್ರಿ." ನಾನು ಫೋನಿಗೆ ಹೇಳಿದೆ. ಫೋನು ಜಪಾನಿಯಲ್ಲಿ ಏನು ಹೇಳಿತೋ, ಒಗಾವಾಬಾಯಿ ಬಹಳ ಹೊತ್ತು ಬಾಗಿ ನಮಸ್ಕರಿಸಿದರು. ಉಳಿದ ರೊಟ್ಟಿಗಳನ್ನೆಲ್ಲ ನಾನು ಅವರ ಮನೆಯವರಿಗೆಂದು ಕಟ್ಟಿಕೊಟ್ಟೆ, ತಾಟಲ್ಲ ಎಂದು ಮತ್ತೊಮ್ಮೆ ನೆನಪಿಸಿದೆ.

ಆಮೇಲೆ ಇವರು ಮತ್ತೆ ಕೂತು, ಕೆಳಗಿನ ತಿರುವನ್ನೂ ಉದ್ದನೆಯ ದಾರಿಯನ್ನೂ ನೋಡುತ್ತಾ, "ಹುಡುಗಿ ಸೀಟು ನೋಡೇ ಹಿಡದಾಳ," ಎಂದರು. ಇಡೀ ಮೈದಾನದಲ್ಲಿ ಕಾರುಗಳ ಉಸಿರು ಇಷ್ಟು ಸ್ಪಷ್ಟವಾಗಿ ಕೇಳುವ ಜಾಗ ಇನ್ನೊಂದು ಇರಲಿಕ್ಕಿಲ್ಲ. ಅದು ನನಗೂ ಆಗಲೇ ಹೊಳೆದದ್ದು.

ಇವರು ಫೋನು ತೆಗೆದು ಮೇಧಾಳಿಗೆ ಹಚ್ಚಿದರು. ಹುಬ್ಬಳ್ಳಿಯಲ್ಲಿ ಆಗ ಮಧ್ಯಾಹ್ನ. ಆ ಕಡೆಯಿಂದ ಗ್ಯಾರೇಜಿನ ಸುತ್ತಿಗೆಯ ಸದ್ದು ಕೇಳುತ್ತಿತ್ತು, ಆಮೇಲೆ ಅದು ನಿಂತಿತು. ರೇಸು ಹೇಗಿತ್ತು ಎಂದು ಅವಳು ಕೇಳಲಿಲ್ಲ. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತೆ. ಇವರು ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಸವೆದ ತುದಿಯನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ, ರೈಲಿನಲ್ಲಿ ಕಲಿತ ಮೆಲುದನಿಯಲ್ಲಿ ಕೇಳಿದರು.

"ಮೇಧಾ, ಆ ಹೈಬ್ರಿಡ್ ಗಾಡಿಯಾಗ ಕೋಲು ಎಲ್ಲೆ ಇಡಬೇಕವಾ?"

ಅವಳು ಅಳು ತಡೆದು ಮೂಗು ಏರಿಸಿದ್ದು ನನಗೆ ಇಲ್ಲಿಗೆ ಕೇಳಿಸಿತು.

"ಬರ್ರಿ ಅಪ್ಪಾ," ಎಂದಳು. "ಇಲ್ಲೇ ಇರ್ತೇನಿ. ತೋರಸ್ತೇನಿ."